ಕುಟುಂಬರಚನೆ, ಪರಿಸರ ಮತ್ತು ಶಿಶುವಿಕಾಸ: ಲಗ್ಗೆರೆಯ ನಿದರ್ಶನ

ಅಮೆರಿಕದ ಮನೋವಿಜ್ಞಾನಿ ಯೂರಿ ಬ್ರಾನ್‌ಫೆನ್‌ಬ್ರೆನ್ನರ್ 1979ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದಂತೆ, ಶಿಶುವು ಮನೆಯೆಂಬ ಒಳವಲಯದಿಂದ ಮೊದಲ್ಗೊಂಡು ನೆರೆಹೊರೆ, ಶಾಲೆ, ತಂದೆತಾಯಿಗಳ ಉದ್ಯೋಗ, ರಾಜ್ಯಶಾಸನಗಳವರೆಗೆ ಹಬ್ಬಿದ ಹಲವು ವಲಯಗಳ ನಡುವೆ ಬೆಳೆಯುವುದು. ತಾನೆಂದೂ ಕಾಣದ ತಾಯಿಯ ಕಾರ್ಖಾನೆಯೂ ಅದರ ಬಾಲ್ಯವನ್ನು ರೂಪಿಸುವುದು. ಇಂಥ ವಲಯವನ್ನೇ ಬಾಹ್ಯವ್ಯವಸ್ಥೆ ಎನ್ನುವರು.

ಪೀಣ್ಯ ಕೈಗಾರಿಕಾ ಪ್ರದೇಶದ ನೆರೆಯಲ್ಲಿರುವ ಲಗ್ಗೆರೆಯಲ್ಲಿ ಈ ತತ್ತ್ವವು ಬೀದಿಬೀದಿಯಲ್ಲಿ ಗೋಚರಿಸುತ್ತದೆ. ಹಳ್ಳಿಯ ಅವಿಭಕ್ತ ಕುಟುಂಬದಲ್ಲಿ ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರ ಕಂಕುಳಿಂದ ಕಂಕುಳಿಗೆ ಸಾಗುತ್ತಿದ್ದ ಕೂಸು ಇಲ್ಲಿಯ ವಠಾರದ ಬಾಡಿಗೆ ಮನೆಯಲ್ಲಿ ಇಬ್ಬರನ್ನೇ ನೆಚ್ಚಬೇಕಾಗಿದೆ. ಆ ಇಬ್ಬರೂ ಬೆಳಗಾಗುತ್ತಲೇ ಗಾರ್ಮೆಂಟ್ಸಿಗೋ ವರ್ಕ್‌ಶಾಪಿಗೋ ಹೊರಟರೆಂದರೆ, ಸಂಜೆ ಶಾಲೆಯಿಂದ ಮರಳಿದ ಬಾಲಿಕೆ ಕೊರಳ ದಾರದ ಬೀಗದಕೈಯಿಂದ ಬಾಗಿಲು ತೆರೆದು, ತಮ್ಮನಿಗೆ ಆರಿದ ಚಿತ್ರಾನ್ನವನ್ನು ಬಡಿಸಿ, ತಾನಿನ್ನೂ ಮಗುವಾಗಿರುವಾಗಲೇ ತಾಯ್ತನವನ್ನು ಅಭ್ಯಸಿಸುವಳು. ಹೊಣೆಗಾರಿಕೆ ಬೇಗನೆ ಬರುವುದು ನಿಜ. ಆದರೆ ಆಟದ ಹೊತ್ತು ಕಳೆದುಹೋಗುವುದೂ ಅಷ್ಟೇ ನಿಜ. ಪರೀಕ್ಷೆಗಳಲ್ಲಿ ವಿಭಕ್ತ ಕುಟುಂಬವನ್ನೇ ದೋಷವೆಂದು ಬರೆಯುವ ಅಭ್ಯರ್ಥಿಗಳ ರೂಢಿ ನನಗೆ ಸಮ್ಮತವಲ್ಲ. ಹೊಲಿಗೆಯಂತ್ರದ ಮುಂದೆ ದಿನವಿಡೀ ದಣಿದು ಬಂದ ತಾಯಿ ಒಮ್ಮೆ ಗದರಿದರೆ, ಆ ಗದರಿಕೆಯಲ್ಲಿ ಅವಳ ಸ್ವಭಾವಕ್ಕಿಂತ ಅವಳ ದುಡಿಮೆಯ ವೇಳೆಯೇ ಹೆಚ್ಚು ಮಾತನಾಡುತ್ತಿರುವುದು.

ಶಿಶುಪಾಲನೆಗೆ ನೆರವಾಗಲು ಬಂದ ಶಾಸನ, ಯೋಜನೆಗಳು: 1948ರ ಕಾರ್ಖಾನೆ ಕಾಯಿದೆಯ 48ನೇ ಪ್ರಕರಣವು 30ಕ್ಕೂ ಮಿಕ್ಕಿ ಮಹಿಳಾ ಕಾರ್ಮಿಕರಿದ್ದಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರವನ್ನು ವಿಧಿಸಿತು. ಅಂಗನವಾಡಿಗಳ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ. 2017ರ ಹೆರಿಗೆ ಸೌಲಭ್ಯ ಕಾಯಿದೆಯ ತಿದ್ದುಪಡಿಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರುಳ್ಳ ಸಂಸ್ಥೆಗಳಲ್ಲಿ ಶಿಶುವಿಹಾರವನ್ನು ಕಡ್ಡಾಯಗೊಳಿಸಿ, ತಾಯಿಯು ದಿನಕ್ಕೆ 4 ಸಲ ಅಲ್ಲಿಗೆ ಹೋಗಿ ಮಗುವನ್ನು ಕಂಡುಬರಲು ಅವಕಾಶವಿತ್ತಿತು.