ಸೀಟು ಸಿಕ್ಕರೆ ಸಾಲದು, ನಾಲ್ಕು ವರ್ಷ ನಿಭಾಯಿಸಬೇಕು

ಸಿಇಟಿ ರ‍್ಯಾಂಕ್ ಬಂದ ಮೇಲೆ ತುಮಕೂರಿನ ನಮ್ಮ ಕ್ಯಾತ್ಸಂದ್ರದಲ್ಲಿ ಯಾರ ಮನೆಗೆ ಹೋದರೂ ಒಂದೇ ಮಾತು: ‘ಈ ರ‍್ಯಾಂಕಿಗೆ ಎಲ್ಲಿ ಸಿಗುತ್ತೆ?’ ಮಗಳ ಸರದಿ ಬಂದಾಗ ನಾನು ಅದರ ಜೊತೆಗೆ ಇನ್ನೊಂದನ್ನೂ ಕೇಳಿಕೊಂಡೆ. ಸಿಕ್ಕರೆ ನಾಲ್ಕು ವರ್ಷ ಕಟ್ಟೋಕೆ ಆಗುತ್ತಾ?

ಎಲ್ಲಿ ಸಿಗಬಹುದು ಎಂದು ಅಂದಾಜು ಮಾಡಲು ಏಜೆಂಟರ ಹತ್ತಿರ ಹೋಗಬೇಕಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್‌ಗಳನ್ನು ಸುತ್ತಿನ ಪ್ರಕಾರ, ವರ್ಗದ ಪ್ರಕಾರ ಕೊಡುತ್ತದೆ. ಜಿಎಂ (ಸಾಮಾನ್ಯ ವರ್ಗ) ಕಾಲಂ ನೋಡಿ ಕೈಚೆಲ್ಲಿ ಕೂತವರನ್ನು ಕಂಡಿದ್ದೇನೆ. ಅವರದೇ ವರ್ಗದ ಕಾಲಂನಲ್ಲಿ ಅದೇ ಸೀಟು ಎಷ್ಟೋ ಮುಂದಿನ ರ‍್ಯಾಂಕಿನವರೆಗೂ ಹೋಗಿರುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದವರಿಗೆ ಪ್ರತ್ಯೇಕ ಮೀಸಲು ಇದೆ. ಕ್ಯಾತ್ಸಂದ್ರ ಮಹಾನಗರ ಪಾಲಿಕೆಗೆ ಸೇರಿದ್ದರಿಂದ ಇಲ್ಲೇ ಓದಿದ ನನ್ನ ಮಗಳಿಗೆ ಗ್ರಾಮೀಣ ಮೀಸಲು ಸಿಗಲಿಲ್ಲ. ಗುಬ್ಬಿ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಓದಿದ ನನ್ನ ತಂಗಿಯ ಮಗನಿಗೆ ಸಿಕ್ಕಿತು. ಕುಟುಂಬದ ವರಮಾನ ಎಂಟು ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯು (ಸೂಪರ್‌ನ್ಯೂಮರರಿ) ಕೋಟಾದಲ್ಲಿ ಬೋಧನಾ ಶುಲ್ಕವಿಲ್ಲದ ಸೀಟಿಗೂ ಅವಕಾಶವಿದೆ. ಇವನ್ನೆಲ್ಲ ಅರ್ಜಿ ಹಾಕುವಾಗಲೇ ಕೇಳಿರಬೇಕು.

ಇನ್ನು ದುಡ್ಡಿನ ವಿಷಯ. ‘ಅಪ್ಪಾ, ಕಂಪ್ಯೂಟರ್ ಸೈನ್ಸ್ ಎಲ್ಲಿ ಸಿಕ್ಕಿದ್ರೂ ಪರವಾಗಿಲ್ಲ, ಎಲ್ಲಾ ಮೇಲೆ ಹಾಕೋಣ’ ಎಂದಳು ಮಗಳು. ಸರ್ಕಾರಿ ಕಾಲೇಜು, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ, ಖಾಸಗಿ ವಿಶ್ವವಿದ್ಯಾಲಯ, ಎಲ್ಲವೂ ಆಪ್ಷನ್ ಎಂಟ್ರಿಯ ಒಂದೇ ಪಟ್ಟಿಯಲ್ಲಿ ಬರುತ್ತವೆ. ಫೀಸು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಸಿಕ್ಕ ಸೀಟನ್ನು ಉಳಿಸಿಕೊಂಡು ಚಾಯ್ಸ್ 2 ಒತ್ತಿ ಮುಂದಿನ ಸುತ್ತಿಗೆ ಕಾದಾಗ ಮೇಲಿನ ಆಪ್ಷನ್ ಸಿಕ್ಕಿಬಿಟ್ಟರೆ ಕೈಯಲ್ಲಿದ್ದ ಸೀಟು ತಾನಾಗಿಯೇ ಹೋಗುತ್ತದೆ. ಕಟ್ಟಲಾಗದ ಕಾಲೇಜನ್ನು ‘ಇರಲಿ ಬಿಡು’ ಎಂದು ಮೇಲೆ ಬರೆಯುವುದು ಅದಕ್ಕೇ ಅಪಾಯ.

ಹಾಗಾಗಿ ಲೆಕ್ಕ ಹಾಕಿದೆವು. ವರ್ಷಕ್ಕೆ ಎರಡು ಲಕ್ಷದಂತೆ ನಾಲ್ಕು ವರ್ಷಕ್ಕೆ ಎಂಟು ಲಕ್ಷ ಸಾಲ, ಶೇ 10 ಬಡ್ಡಿ ಎಂದುಕೊಳ್ಳಿ. ಓದುವ ಕಾಲ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಸರಳ ಬಡ್ಡಿಯಲ್ಲೇ 2.80 ಲಕ್ಷ ಸೇರಿ ಬಾಕಿ 10.80 ಲಕ್ಷವಾಗುತ್ತದೆ. ಅದನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 18,000 ರೂಪಾಯಿ ಕಂತು. ಒಟ್ಟು ಕಟ್ಟುವುದು 15 ಲಕ್ಷ. ಇಪ್ಪತ್ತೈದು ಸಾವಿರ ಸಂಬಳದ ಮೊದಲ ಕೆಲಸ ಸಿಕ್ಕರೆ ಮಗಳ ಕೈಯಲ್ಲಿ ಏನು ಉಳಿಯುತ್ತದೆ? ಇದರ ಜೊತೆಗೆ ವಸತಿ ಖರ್ಚು ಬೇರೆ. ಬೆಂಗಳೂರಿನಲ್ಲಿ ನಾವು ವಿಚಾರಿಸಿದ ಪಿಜಿಗಳು ಊಟ ಸೇರಿ ತಿಂಗಳಿಗೆ ಒಂಬತ್ತು ಸಾವಿರ ಕೇಳಿದವು. ವರ್ಷಕ್ಕೆ ಹತ್ತು ತಿಂಗಳು ಹಿಡಿದರೂ ನಾಲ್ಕು ವರ್ಷಕ್ಕೆ 3.60 ಲಕ್ಷ.

ನಮ್ಮ ಮಗ್ಗುಲಲ್ಲೇ, ಬಿ.ಎಚ್. ರಸ್ತೆಯಲ್ಲಿ, 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ. ಮನೆಯಲ್ಲೇ ಊಟ ಮಾಡಿ ಹೋಗಿಬರಬಹುದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಕುಣಿಗಲ್, ಗುಬ್ಬಿಯಿಂದ ಬರುವ ಹುಡುಗಿಯರಿಗೆ ಇದು ಸಣ್ಣ ಉಳಿತಾಯವಲ್ಲ. ಈ ಕಾಲೇಜಿನಲ್ಲಿ ಮಗಳ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸ್ ಅನುಮಾನ, ಎಲೆಕ್ಟ್ರಾನಿಕ್ಸ್ ಸಿಗುವ ಲಕ್ಷಣವಿತ್ತು. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ಅದರಿಂದ ಕೆಲಸ ಖಾತ್ರಿ ಎಂದು ನಾನು ಅವಳಿಗೆ ಹೇಳಲಿಲ್ಲ. ಕಂಪ್ಯೂಟರ್ ಸೈನ್ಸ್ ಒಂದೇ ದಾರಿಯಲ್ಲ ಎನ್ನುವುದಕ್ಕೆ ಮಾತ್ರ ತೋರಿಸಿದೆ.

ಎರಡು ದಿನ ಮುನಿಸಿಕೊಂಡಿದ್ದಳು. ನಂತರ ಪೇಪರು ತಗೊಂಡು ತಾನೇ ಕೂತು ಕಂತಿನ ಲೆಕ್ಕ ಮಾಡಿದಳು. ಇಲ್ಲಿಯ ಕಂಪ್ಯೂಟರ್ ಸೈನ್ಸ್ ಮೊದಲು, ಎಲೆಕ್ಟ್ರಾನಿಕ್ಸ್ ಆಮೇಲೆ, ಫೀಸು ಕಡಿಮೆಯಿರುವ ಬೆಂಗಳೂರಿನ ಕಾಲೇಜುಗಳು ಅದರ ಕೆಳಗೆ. ದುಬಾರಿ ಹೆಸರುಗಳನ್ನು ಅವಳೇ ಹೊಡೆದು ಹಾಕಿದಳು. ಎಲೆಕ್ಟ್ರಾನಿಕ್ಸ್ ಸಿಕ್ಕಿತು, ಸಾಲ ಬೇಕಾಗಲಿಲ್ಲ.

ಸಿಗುವುದಿಲ್ಲ ಎಂಬ ಹೆದರಿಕೆಗೆ ಇಷ್ಟದ ಕೋರ್ಸನ್ನು ಕೆಳಗಿಡಬೇಡಿ. ಮೇಲೆ ಬರೆದ ಆಪ್ಷನ್ ಸಿಗದಿದ್ದರೆ ಕೆಳಗಿನದಕ್ಕೆ ಏನೂ ಧಕ್ಕೆಯಿಲ್ಲ. ಆದರೆ ಆಪ್ಷನ್ ಎಂಟ್ರಿ ಮುಚ್ಚುವ ಮೊದಲು ಪ್ರತಿ ಕಾಲೇಜಿನ ಮುಂದೆ ಫೀಸು, ವಸತಿ, ಓಡಾಟ ಸೇರಿಸಿ ನಾಲ್ಕು ವರ್ಷದ ಮೊತ್ತ ಬರೆಯಿರಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಿರಿ.