ಪ್ರೌಢಶಾಲೆಯ ಲೆಕ್ಕ ಕೇಳುವವರು ಗಮನಿಸತಕ್ಕದ್ದು

ಸರ್ಕಾರಿ ಪ್ರೌಢಶಾಲೆಗೆ ಬಂದ ಅನುದಾನವು ಎಲ್ಲಿ ವ್ಯಯವಾಯಿತೆಂದು ತಿಳಿಯಲಿಚ್ಛಿಸುವ ಪೋಷಕರಲ್ಲಿ ಬಹುಮಂದಿ, ನ್ಯಾಯವು ತಮ್ಮ ಪಕ್ಷದಲ್ಲಿದ್ದರೂ, ಕೇವಲ ಅವಧಿ ಮೀರಿದ ಕಾರಣದಿಂದ ಬರಿಗೈಯಲ್ಲಿ ಹಿಂದಿರುಗುವುದನ್ನು ಕಂಡು ಬೇಸತ್ತು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ ಶಾಲೆಯ ನಗದು ಪುಸ್ತಕ, ವೋಚರು, ಬ್ಯಾಂಕ್ ಪಾಸ್‌ಪುಸ್ತಕ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಡಾವಳಿ ಇವುಗಳ ನಕಲನ್ನು ಯಾವ ನಾಗರಿಕನಾದರೂ ಕೇಳಬಹುದು, ಕಾರಣ ಹೇಳಬೇಕಾಗಿಲ್ಲ. ಅರ್ಜಿಗೆ 10 ರೂಪಾಯಿ ಶುಲ್ಕ. ಬರೆಯಲಾರದವರ ಮಾತನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯದೇ ಕರ್ತವ್ಯವಾಗಿರಲು, ಕಚೇರಿಯ ಹೊರಗೆ ಕಾದು ಕುಳಿತ ಮಧ್ಯವರ್ತಿಗೆ ಹಣ ತೆರುವುದು ಅನಾವಶ್ಯಕ. ಆದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರತಕ್ಕದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರತಕ್ಕದ್ದಲ್ಲ. ಕೊಠಡಿಯ ದುರಸ್ತಿಯೊಡನೆ ಸಮವಸ್ತ್ರದ ಲೆಕ್ಕವನ್ನೂ ಬೆರೆಸಿದಿರೋ, ಅದೇ ನೆಪದಿಂದ ಅರ್ಜಿ ಮರಳುವುದು. ‘ಏಕೆ ಖರ್ಚಾಯಿತು’ ಎಂದು ವಾದಿಸದೆ ದಾಖಲೆಯನ್ನು ಹೆಸರಿಸಿ ಕೇಳಿರಿ.

ಇನ್ನು ಎಲ್ಲರೂ ಮುಗ್ಗರಿಸುವ ಸ್ಥಳ. ಉತ್ತರಕ್ಕೆ 30 ದಿನಗಳು. ಅಷ್ಟರಲ್ಲಿ ಬಾರದಿದ್ದರೆ ಕಾನೂನು ಆ ಮೌನವನ್ನೇ ನಿರಾಕರಣೆಯೆಂದು ಭಾವಿಸುತ್ತದೆ, ಮರುದಿನದಿಂದಲೇ ಮೊದಲ ಮೇಲ್ಮನವಿಯ 30 ದಿನಗಳು ಓಡತೊಡಗುತ್ತವೆ. ಜೂನ್ 1ರಂದು ಸಲ್ಲಿಸಿದ ಅರ್ಜಿಗೆ ಜುಲೈ 1ರೊಳಗೆ ಉತ್ತರ, ಇಲ್ಲವಾದರೆ ಜುಲೈ 31ರೊಳಗೆ ಮೇಲ್ಮನವಿ. ಆದರೆ ಗುಮಾಸ್ತನು ಕಡತದಿಂದ ತಲೆಯೆತ್ತದೆ, ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಮುಂದಿನ ವಾರ ಬನ್ನಿ’ ಎನ್ನುವನು. ಅರ್ಜಿದಾರನು ವಿನಯದಿಂದ ಹೋಗಿ ಬರುತ್ತಿರುವಷ್ಟರಲ್ಲಿ ಆಗಸ್ಟ್ ಬಂದಿರುತ್ತದೆ. ಇಂತಹ ಸಬೂಬಿನ ಹಿಂದೆ ಸೋಮಾರಿತನವಿರಲಿ, ಉಪಾಯವಿರಲಿ, ನಷ್ಟ ಮಾತ್ರ ನಿಮ್ಮದೇ. ವಿಳಂಬಕ್ಕೆ ಸಕಾರಣವಿದ್ದಲ್ಲಿ ಮನ್ನಿಸುವ ಅಧಿಕಾರವು ಮೇಲ್ಮನವಿ ಪ್ರಾಧಿಕಾರಕ್ಕಿದೆ, ಆದರೆ ಅದನ್ನು ನಂಬಿ ಕೂರಬೇಡಿರಿ. 30 ದಿನ ಮೀರಿ ಕೊಟ್ಟ ಮಾಹಿತಿಗೆ ಪ್ರತಿಯ ಶುಲ್ಕ ಕೇಳುವಂತಿಲ್ಲವೆಂಬುದೂ ತಿಳಿದಿರಲಿ.

ಮೊದಲ ಮೇಲ್ಮನವಿಯೂ ನಿಷ್ಫಲವಾದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬಹುದು. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸುವ ಅಧಿಕಾರ ಅದಕ್ಕಿದೆ.

ಖಾಸಗಿ ಅನುದಾನರಹಿತ ಶಾಲೆಗೆ ನೇರ ಅರ್ಜಿ ಸಾಮಾನ್ಯವಾಗಿ ನಡೆಯದು. ಇಲಾಖೆಯು ಕಾನೂನಿನಂತೆ ಅದರಿಂದ ಪಡೆಯಬಹುದಾದ ದಾಖಲೆಯನ್ನು ಇಲಾಖೆಯನ್ನೇ ಕೇಳಿರಿ.

ಕಡೆಯದಾಗಿ, ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿಯಿಲ್ಲದೆ ಅರ್ಜಿ ಕೊಡಬೇಡಿರಿ. ಸ್ವೀಕೃತಿ ಕೊಡಲೊಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಆ ರಸೀದಿಯ ಬೆನ್ನಿಗೆ ಮೇಲ್ಮನವಿಯ ಕೊನೆಯ ದಿನಾಂಕವನ್ನು ಅಂದೇ ಬರೆದಿಡಿರಿ.