ಮೊದಲು ನೆರಳನ್ನು ನೋಡು, ಪುಟ್ಟೀ

ಕ್ಯಾಮೆರಾ ಕೊಂಡೆ ಅಂತ ಕೇಳಿ ತುಂಬ ಸಂತೋಷವಾಯಿತು ಪುಟ್ಟೀ. ‘ಇನ್ನೊಂದು ಲೆನ್ಸ್ ಯಾವುದು ತಗೊಳ್ಳಲಿ ಮಾವ’ ಅಂತ ಕೇಳಿದ್ದೀಯ. ಸದ್ಯಕ್ಕೆ ಯಾವುದೂ ಬೇಡ. ಆ ದುಡ್ಡು ಹಾಗೇ ಇರಲಿ. ಈಗ ನಿನಗೆ ಬೇಕಾಗಿರುವುದು ನಡುಮನೆಯ ಒಂದು ಕಿಟಕಿ, ಅದರ ಪಕ್ಕದಲ್ಲಿ ಬೇಸರಪಡದೆ ಕೂರುವ ಒಬ್ಬರು. ನಿಮ್ಮಜ್ಜಿ ಇದ್ದಾರಲ್ಲ, ಅವರೇ ಸಾಕು. ಅವರೇಕಾಯಿ ಬಿಡಿಸುತ್ತ ಕೂತರೆ ಅವರ ಕೆಲಸವೂ ಸಾಗುತ್ತದೆ, ನಿನ್ನ ಪಾಠವೂ ನಡೆಯುತ್ತದೆ.

ಹೊಸಬರೆಲ್ಲ ಕ್ಯಾಮೆರಾ ಎತ್ತಿದ ಕೂಡಲೇ ಮುಖ ನೋಡುತ್ತಾರೆ, ಗುಡಿ ನೋಡುತ್ತಾರೆ, ಹೂವು ನೋಡುತ್ತಾರೆ. ಅದರ ಮೇಲೆ ಬಿದ್ದಿರುವ ಬೆಳಕನ್ನು ನೋಡುವುದಿಲ್ಲ. ಬೆಳಕನ್ನೇ ನೋಡಬೇಕೆಂದರೆ ಅದು ಸುಲಭಕ್ಕೆ ಕಣ್ಣಿಗೆ ಸಿಕ್ಕುವುದೂ ಇಲ್ಲ. ನೆರಳು ಸಿಕ್ಕುತ್ತದೆ. ಆದ್ದರಿಂದ ನೆರಳನ್ನು ಹುಡುಕು. ಮೂಗಿನ ನೆರಳು ಯಾವ ಕಡೆ ಬಿದ್ದಿದೆ? ಬೆಳಕು ಅದರ ಎದುರು ದಿಕ್ಕಿನಿಂದ ಬರುತ್ತಿದೆ. ನೆರಳಿನ ಅಂಚು ಗೆರೆ ಎಳೆದ ಹಾಗಿದೆಯೋ, ಮೆಲ್ಲಗೆ ಕರಗಿದೆಯೋ? ಗೆರೆ ಎಳೆದ ಹಾಗಿದ್ದರೆ ಬೆಳಕು ಒರಟು, ಕರಗಿದ್ದರೆ ಮೆದು. ನೆರಳಿನೊಳಗೆ ಚರ್ಮ, ಕೂದಲು ಕಾಣುತ್ತಿದೆಯೋ, ಬರೀ ಕಪ್ಪೋ? ಬಸ್ಸಿಗೆ ಕಾಯುವಾಗ, ಊಟಕ್ಕೆ ಕೂತಾಗ, ಎದುರಿಗಿರುವವರ ಮುಖದ ಮೇಲೆ ಇಷ್ಟನ್ನು ನೋಡಿಕೊಳ್ಳುವುದಕ್ಕೆ ಕ್ಯಾಮೆರಾವೂ ಬೇಕಿಲ್ಲ.

ಈಗ ಕಿಟಕಿಯ ಹತ್ತಿರ ಬಾ. ನೇರ ಬಿಸಿಲು ಒಳಗೆ ಬೀಳದ ಕಿಟಕಿಯಾಗಲಿ. ಬಿಸಿಲು ಬೀಳುತ್ತಿದ್ದರೆ ತೆಳ್ಳನೆಯ ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟು. ಮನೆಯೊಳಗಿನ ಟ್ಯೂಬ್‌ಲೈಟು, ಬಲ್ಬು ಎಲ್ಲ ಆರಿಸು. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಮುಖ ಅರ್ಧ ನೀಲಿ ಅರ್ಧ ಹಳದಿ ಬಂತು ಅಂತ ಕೊರಗುತ್ತಾರೆ. ಅಜ್ಜಿಯ ಕುರ್ಚಿಯನ್ನು ಕಿಟಕಿಯಿಂದ ಮೂರಡಿ ದೂರದಲ್ಲಿ ಹಾಕು. ಕಿಟಕಿ ಅವರ ಎಡಕ್ಕಿರಲಿ, ಮೊರ ತೊಡೆಯ ಮೇಲಿರಲಿ. ನೀನು ಅವರ ಎದುರಿಗೆ ನಿಲ್ಲು. ಮುಖದ ಒಂದು ಅರ್ಧ ಬೆಳಕು, ಇನ್ನೊಂದು ಅರ್ಧ ಕತ್ತಲೆ. ‘ಅಜ್ಜೀ, ಸ್ವಲ್ಪ ಕಿಟಕಿ ಕಡೆ ತಿರುಗಿ’ ಅನ್ನು. ಅವರು ತಿರುಗುತ್ತ ಬಂದ ಹಾಗೆ ಮೂಗಿನ ನೆರಳು ಚಿಕ್ಕದಾಗುತ್ತದೆ. ಒಂದು ಹಂತದಲ್ಲಿ ಆಚೆ ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ, ಪುಟ್ಟ ತ್ರಿಕೋನದಷ್ಟು ಬೆಳಕು ಉಳಿಯುತ್ತದೆ. ಅಲ್ಲಿ ನಿಲ್ಲಿಸು. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ಮುಖಗಳಲ್ಲಿ ಕಾಣುವ ಬೆಳಕು ಇದು. ಸ್ಟುಡಿಯೊದವರು ಇವತ್ತಿಗೂ ಇದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

ಅಜ್ಜಿಯ ಕಣ್ಣೊಳಗೆ ನೋಡು. ಕಿಟಕಿಯ ಬಿಳಿ ಚೌಕ ಕರಿಗುಡ್ಡೆಯ ಮೇಲೆ ಮಿನುಗುತ್ತಿರಬೇಕು. ಆ ಚುಕ್ಕೆ ಇಲ್ಲದಿದ್ದರೆ ಎಂಥ ಒಳ್ಳೆಯ ಮುಖವೂ ಮಂಕಾಗಿ ಬರುತ್ತದೆ. ಗಲ್ಲ ಎರಡು ಬೆರಳಿನಷ್ಟು ಮೇಲೆತ್ತಿಸಿದರೆ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ.

ನೆರಳಿನ ಕಡೆ ತೀರ ಕಪ್ಪಾಯಿತು ಅನ್ನಿಸಿದರೆ ಆ ಪಕ್ಕದಲ್ಲಿ ಒಂದು ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸು. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ, ದೂರ ಒಯ್ದರೆ ಮತ್ತೆ ಗಾಢವಾಗುತ್ತದೆ. ಇನ್ನೂ ಗಾಢ ಬೇಕೇ, ಅದೇ ಜಾಗದಲ್ಲಿ ಕರಿ ಕಂಬಳಿ ಹಿಡಿ. ಕುರ್ಚಿಯನ್ನು ಕಿಟಕಿಯಿಂದ ಹಿಂದೆ ಹಿಂದೆ ಸರಿಸಿಯೂ ನೋಡು. ಬಲ್ಬಿನಂಥ ಚಿಕ್ಕ ದೀಪದಿಂದ ಎರಡರಷ್ಟು ದೂರ ಹೋದರೆ ಬೆಳಕು ಅರ್ಧಕ್ಕಿಳಿಯುವುದಿಲ್ಲ, ಕಾಲು ಭಾಗಕ್ಕಿಳಿಯುತ್ತದೆ. ಕಿಟಕಿಯ ವಿಷಯದಲ್ಲಿ ಲೆಕ್ಕ ಅಷ್ಟು ಕರಾರುವಾಕ್ಕಲ್ಲ, ಆದರೆ ನಡೆಯುವುದು ಅದೇ ರೀತಿ. ಅದಕ್ಕೇ ಕಿಟಕಿಗೆ ಅಂಟಿಕೊಂಡು ಕೂತವರ ಹಿಂದಿನ ಗೋಡೆ ಕತ್ತಲಾಗುತ್ತದೆ, ಗೋಡೆಯ ಕ್ಯಾಲೆಂಡರು, ಸ್ವಿಚ್ಚು ಎಲ್ಲ ತಾವಾಗಿಯೇ ಮರೆಯಾಗುತ್ತವೆ. ಒಳಗೆ ಸರಿದು ಕೂತರೆ ಮುಖಕ್ಕೂ ಗೋಡೆಗೂ ಹೆಚ್ಚುಕಡಿಮೆ ಒಂದೇ ಬೆಳಕು, ಕ್ಯಾಲೆಂಡರು ಫೋಟೊದಲ್ಲಿ ಬಂದು ಕೂರುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಕ್ಕದ ಬೆಳಕು ಸುಕ್ಕನ್ನು ಎತ್ತಿ ತೋರಿಸುತ್ತದೆ, ಎದುರಿನ ಮೆದು ಬೆಳಕು ಮುಚ್ಚುತ್ತದೆ. ಯಾವುದು ಬೇಕೆಂದು ಅಜ್ಜಿಯನ್ನೇ ಕೇಳು, ನೀನೇ ತೀರ್ಮಾನ ಮಾಡಬೇಡ. ಇನ್ನು ಮೈಬಣ್ಣ. ‘ಸ್ವಲ್ಪ ಬೆಳ್ಳಗೆ ಬರೋ ಹಾಗೆ ತೆಗೀರಿ’ ಎಂಬ ಮಾತು ನಮ್ಮೂರ ಸ್ಟುಡಿಯೊಗಳಲ್ಲಿ ಕೇಳದ ದಿನವಿರಲಿಲ್ಲ. ಈಗ ಆ ಕೆಲಸವನ್ನು ಫೋನಿನ ಬ್ಯೂಟಿ ಮೋಡ್ ಹೇಳದೇ ಕೇಳದೇ ಮಾಡುತ್ತದೆ. ಮೊದಲು ಅದನ್ನು ಆಫ್ ಮಾಡು. ಕಪ್ಪು ಚರ್ಮಕ್ಕೆ ಬೆಳಕು ಸುರಿದು ಬಿಳಿಚಿಸಿದರೆ ಅದರ ಸೊಬಗೇ ಹೋಯಿತು. ಆ ಚರ್ಮ ಬೆಳಕನ್ನು ಹೊಳಪಾಗಿ ಹಿಂದಿರುಗಿಸುತ್ತದೆ. ದೊಡ್ಡ ಕಿಟಕಿಯ ಪಕ್ಕ ಕೂರಿಸು, ಕೆನ್ನೆಯ ಏರು, ಹಣೆ, ಮೂಗಿನ ಗೆರೆಯ ಮೇಲೆ ಆ ಹೊಳಪು ಬರುವ ತನಕ ಮುಖವನ್ನು ತಿರುಗಿಸುತ್ತ ಹೋಗು. ಅಷ್ಟರಲ್ಲೇ ಮುಖ ತುಂಬಿ ಬರುತ್ತದೆ. ಯಾರನ್ನೂ ಅವರಲ್ಲದ ಬಣ್ಣದಲ್ಲಿ ತೋರಿಸುವ ಹಕ್ಕು ನಮಗಿಲ್ಲ ಕಣಮ್ಮ.

ಕಿಟಕಿ ಯಾಕೆ ಮೆದು, ಬಿಸಿಲು ಯಾಕೆ ಒರಟು? ಬೆಳಕಿನ ಮೂಲ ನಮ್ಮ ಮುಖಕ್ಕೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರ ಮೇಲೆ ಅದು ನಿಂತಿದೆ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರು. ಆದರೆ 15 ಕೋಟಿ ಕಿಲೋಮೀಟರು ದೂರದಲ್ಲಿರುವುದರಿಂದ ಆಕಾಶದಲ್ಲಿ ಅವನು ಹಿಡಿಯುವ ಜಾಗ ಅರ್ಧ ಡಿಗ್ರಿ ಮಾತ್ರ. ಅದಕ್ಕೇ ಅಷ್ಟು ಚೂಪು ನೆರಳು. ಒಂದು ಮೋಡ ಅಡ್ಡ ಬಂದರೆ ಆಕಾಶವೇ ದೀಪವಾಗುತ್ತದೆ, ನೆರಳು ಕರಗಿಹೋಗುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಕವಿದು ಕೂತಾಗ ‘ಲೈಟಿಲ್ಲ’ ಅಂತ ಕ್ಯಾಮೆರಾ ಒಳಗಿಡುವವರಿದ್ದಾರೆ. ಮುಖಗಳಿಗೆ, ಎಲೆಗಳಿಗೆ, ನೆನೆದ ಹಂಚುಗಳಿಗೆ ಅದಕ್ಕಿಂತ ಒಳ್ಳೆಯ ಬೆಳಕು ವರ್ಷದಲ್ಲಿ ಇನ್ನೊಂದಿಲ್ಲ.

ನಮ್ಮ ದೇಶದ ಇಬ್ಬರು ದೊಡ್ಡ ಛಾಯಾಗ್ರಾಹಕರು ಬೆಳಕಿನ ಮೆದು, ಒರಟು ಎಂಬ ಈ ಎರಡೂ ಗುಣಗಳನ್ನು ಬಲು ಸರಳವಾಗಿ ಪಳಗಿಸಿದರು. ‘ಅಪರಾಜಿತೊ’ (1956) ಚಿತ್ರಕ್ಕೆ ಬನಾರಸಿನ ಮನೆಯ ಅಂಗಳವನ್ನು ಸೆಟ್ಟಿನಲ್ಲಿ ಕಟ್ಟಿದಾಗ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳ ಬೆಳಕನ್ನು ಅದಕ್ಕೆ ಹೊಡೆಸಿ ಕೆಳಗಿಳಿಸಿದರು. ತೆರೆದ ತೊಟ್ಟಿಯಿಂದ ಇಳಿಯುವ ಹಗಲಿನ ಬೆಳಕು ಹಾಗೇ ಬಂತು. ಮೂರು ವರ್ಷದ ನಂತರ, ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ, ನಮ್ಮ ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು ಇದಕ್ಕೆ ತದ್ವಿರುದ್ಧ ಕೆಲಸ ಮಾಡಿದರು. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಲ್ಲಿ ಹಿಡಿದು, ಅಲ್ಲಿಂದ ಇನ್ನೊಂದು ಕನ್ನಡಿಗೆ ದಾಟಿಸಿ, ಕತ್ತಲ ಸ್ಟುಡಿಯೊದೊಳಗೆ ಕಂಬದಂಥ ಬೆಳಕಿನ ಕೋಲು ಇಳಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಬಟ್ಟೆ ಮತ್ತು ಕನ್ನಡಿ ನಿಮ್ಮ ಮನೆಯಲ್ಲೂ ಇವೆ. ಆ ಎರಡು ಚಿತ್ರಗಳನ್ನು ಕಥೆಗಲ್ಲದೆ ಬೆಳಕಿಗೋಸ್ಕರವೇ ಇನ್ನೊಮ್ಮೆ ನೋಡು.

ಹೊರಗಿನ ಬೆಳಕಿಗೆ ಬಂದರೆ, ಪರದೇಶದ ಪುಸ್ತಕಗಳನ್ನು ಪೂರಾ ನಂಬಬೇಡ. ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಹೊಂಬೆಳಕು ಸಿಗುತ್ತದೆ ಅಂತ ಅವು ಬರೆದಿರುತ್ತವೆ. ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿ, ನಿಧಾನವಾಗಿ ಏರುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ. ಹುಟ್ಟಿದ ಅರ್ಧ ಗಂಟೆಯೊಳಗೆ ಆ ಬಣ್ಣ ಇಳಿಯುತ್ತದೆ. ಹಾಗಾಗಿ ಕತ್ತಲಿರುವಾಗಲೇ ಜಾಗ ಹುಡುಕಿ, ಕ್ಯಾಮೆರಾ ನಿಲ್ಲಿಸಿ, ಕಾದಿರಬೇಕು. ನಡುಹಗಲಲ್ಲಂತೂ ಬಿಸಿಲು ನಡುನೆತ್ತಿಯಿಂದ ಸುರಿದು ಕಣ್ಣುಗಳು ಕುಳಿಯಾಗಿ ಬರುತ್ತವೆ. ಮೈಸೂರು ಬೆಂಗಳೂರಿನ ಕಡೆ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವೆ ಒಮ್ಮೆ ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಮದುವೆ ಮನೆಯವರು ಹನ್ನೆರಡು ಗಂಟೆಗೆ ಫೋಟೊ ತೆಗಿ ಅಂದರೆ ಜಗಲಿಗೆ ಕರೆದುಕೊಂಡು ಬಾ, ಸೂರಿನ ಅಂಚಿನಿಂದ ಎರಡಡಿ ಒಳಗೆ ನಿಲ್ಲಿಸು, ಮುಖ ಅಂಗಳದ ಕಡೆ ಇರಲಿ. ಮರದ ಕೆಳಗೆ ಬೇಡ, ಎಲೆಗಳ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ.

ಶ್ರವಣಬೆಳಗೊಳಕ್ಕೆ ಹೋಗುತ್ತೇನೆ ಅಂದಿದ್ದೆಯಲ್ಲ, ಒಂದು ವಿಷಯ ತಿಳಿದು ಹೋಗು. ಸುಮಾರು 57 ಅಡಿ ಎತ್ತರದ ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಡಿಸೆಂಬರಿನಲ್ಲಿ ಸೂರ್ಯ ದಿನವಿಡೀ ಅವನ ಬೆನ್ನ ಕಡೆಯೇ ಇರುತ್ತಾನೆ, ಮುಖಕ್ಕೆ ನೇರ ಬಿಸಿಲು ತಾಕುವುದೇ ಇಲ್ಲ. ರಜೆಯಲ್ಲಿ ಹೋದವರ ಚಿತ್ರಗಳಲ್ಲಿ ಆಕಾಶ ಬೆಳ್ಳಗಾಗಿ ಮುಖ ಮಂಕಾಗಿರುವುದಕ್ಕೆ ಇದೇ ಕಾರಣ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಸೂರ್ಯ ಉತ್ತರದ ಕಡೆ ಸಾಗುತ್ತಾನೆ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ಬೆಳಿಗ್ಗೆ, ಈಶಾನ್ಯದ ಎಳೆಬಿಸಿಲು ಆ ಮುಖದ ಮೇಲೆ ಓರೆಯಾಗಿ ಬೀಳುತ್ತದೆ. ತುಟಿಯ ಅಂಚು, ಗುಂಗುರು ಕೂದಲಿನ ಒಂದೊಂದು ಸುರುಳಿ ಎದ್ದು ಕಾಣುತ್ತದೆ. ಹಳೇಬೀಡಿನಲ್ಲೂ ಇದೇ ಓರೆ ಬಿಸಿಲನ್ನು ಹುಡುಕಬೇಕು. ಹೊಯ್ಸಳೇಶ್ವರದ ಗೋಡೆ ಮುರಿಮುರಿಯಾಗಿ ತಿರುಗುವುದರಿಂದ ಒಂದೊಂದು ಮೈಗೆ ಒಂದೊಂದು ಹೊತ್ತಿನಲ್ಲಿ ಬಿಸಿಲು ಅಡ್ಡ ಬೀಳುತ್ತದೆ. ಬಳಪದ ಕಲ್ಲಿನ ಆ ಸರಗಳು, ಆನೆಯ ಸಾಲುಗಳು ಆಗ ಗೋಡೆ ಬಿಟ್ಟು ಈಚೆ ಬಂದ ಹಾಗಿರುತ್ತವೆ. ಅಲ್ಲಿ ಫ್ಲ್ಯಾಶ್ ಹೊಡೆದರೆ ಎದುರಿನ ಬೆಳಕಿಗೆ ನೆರಳೆಲ್ಲ ಅಳಿಸಿ, ಅಷ್ಟು ಆಳದ ಕೆತ್ತನೆ ಚಪ್ಪಟೆಯಾಗಿ ಬರುತ್ತದೆ. ಒಂದು ಇಡೀ ದಿನ ಅಲ್ಲೇ ಇರು.

ಬೆಳಕಿನ ಅಳತೆಯ ಮಾತು ಚುಟುಕಾಗಿ ಹೇಳುತ್ತೇನೆ. ಕ್ಯಾಮೆರಾದ ಮೀಟರಿಗೆ ಲೋಕವೆಲ್ಲ ಮಧ್ಯಮ ಬೂದು, ನೂರಕ್ಕೆ 18ರಷ್ಟು ಬೆಳಕು ಹಿಂದಿರುಗಿಸುವ ಬೂದು. ಬಿಳಿ ಪಂಚೆಯವರ ಸಾಲು ತೆಗೆದರೆ ಅದನ್ನೂ ಬೂದು ಮಾಡುತ್ತದೆ, ಕರಿ ಎಮ್ಮೆಯನ್ನೂ ಬೂದು ಮಾಡುತ್ತದೆ. ಬಿಳಿಗೆ ಒಂದು ಸ್ಟಾಪ್ ಏರಿಸು, ಅಂದರೆ ಬೆಳಕು ಎರಡರಷ್ಟಾಗಲಿ; ಕಪ್ಪಿಗೆ ಒಂದು ಸ್ಟಾಪ್ ಇಳಿಸು, ಅಂದರೆ ಅರ್ಧವಾಗಲಿ. ಫೋನಿನಲ್ಲಾದರೆ ಮುಖದ ಮೇಲೆ ಬೆರಳು ಮುಟ್ಟಿಸಿ ಮೇಲಕ್ಕೋ ಕೆಳಕ್ಕೋ ಎಳೆದರಾಯಿತು. ಮೀಟರಿಲ್ಲದ ಕಾಲದವರ ಸೂತ್ರವೂ ನಿನಗೆ ಗೊತ್ತಿರಲಿ: ತಿಳಿ ಬಿಸಿಲಿನಲ್ಲಿ ಅಪರ್ಚರ್ ಎಫ್ 16, ಐಎಸ್‌ಒ 100 ಇದ್ದರೆ ಶಟರ್ ಸೆಕೆಂಡಿನ 1/100 ಅಥವಾ 1/125. ಇದನ್ನು ಇಟ್ಟುಕೊಂಡು ಕ್ಯಾಮೆರಾ ಹೇಳುವ ಲೆಕ್ಕವನ್ನು ನೀನೇ ಪರೀಕ್ಷೆ ಮಾಡಬಹುದು.

ಬಣ್ಣದ ವಿಷಯ ಉಳಿಯಿತು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಮೇಣದ ಬತ್ತಿ ಸುಮಾರು 1900, ಹಳೇ ಹಳದಿ ಬಲ್ಬು 2700ರ ಆಸುಪಾಸು, ಹಗಲಿನ ಬಿಸಿಲು 5500, ತಿಳಿಯಾದ ದಿನದ ನೆರಳು 7000ಕ್ಕೂ ಮೇಲೆ. ಕಡಮೆಯಾದಷ್ಟೂ ಕೆಂಪು, ಹೆಚ್ಚಿದಷ್ಟೂ ನೀಲಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕ್ಯಾಮೆರಾ ಇದನ್ನೆಲ್ಲ ಬಿಳಿಗೆ ತರಲು ನೋಡುತ್ತದೆ. ಆಫೀಸಿನ ಐಡಿ ಕಾರ್ಡಿಗೆ ಅದು ಸರಿ, ದೀಪಾವಳಿಯ ಹಣತೆಗೆ ಸರಿಯಲ್ಲ. ಈ ಸಲ ಹಬ್ಬಕ್ಕೆ ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಗುರುತಿಗೆ ಕಟ್ಟಿಹಾಕು, ಫ್ಲ್ಯಾಶ್ ಮುಚ್ಚು, ಐಎಸ್‌ಒ 1600ಕ್ಕೆ ಏರಿಸು. ಹಣತೆ ಹಿಡಿದವರ ಕೈ ಮುಖದಿಂದ ಒಂದೂವರೆ ಅಡಿ ದೂರವಿರಲಿ. ಅವರ ಸೆರಗು, ಜಡೆ ದೀಪದಿಂದ ದೂರವಿದೆಯೇ ಅಂತ ಮೊದಲು ನೋಡಿಕೊಂಡು ಆಮೇಲೆ ಕ್ಯಾಮೆರಾ ಎತ್ತು. ತೆಗೆದ ಚಿತ್ರಗಳನ್ನು ಕಳಿಸುವಾಗ ಒಂದೊಂದರ ಕೆಳಗೂ ಬೆಳಕು ಯಾವ ಕಡೆಯಿಂದ ಬಂತು, ನೆರಳು ಎಲ್ಲಿ ಬಿತ್ತು ಅಂತ ಒಂದು ಸಾಲು ಬರೆದು ಕಳಿಸು. ಚೆನ್ನಾಗಿ ಬರದವನ್ನೂ ಸೇರಿಸು, ಇಬ್ಬರೂ ಕೂತು ನೋಡೋಣ.